ಸೊನ್ನೇ ಮರದ ಕಾಯಿ

ಹೊನ್ನವಳ್ಳಿ ಕಡೆ ತೆಂಗಿನ ತೋಟ ಕಟ್ಟುವವರು ಹಗ್ಗ ಎಳೆದು 30 ಅಡಿಗೊಂದು ಗುಂಡಿ ತೆಗೆಯುತ್ತಾರೆ. ಸಾಲಿಗೆ 8 ಮರದಂತೆ 12 ಸಾಲು, ಒಟ್ಟು 96 ಮರ. ಹೆಚ್ಚುಕಡಿಮೆ 2 ಎಕರೆ. ನಮ್ಮ ತೋಟವೂ ಅಷ್ಟೇ. ಇದಕ್ಕೆ ‘ಟೂ ಡೈಮೆನ್ಷನಲ್ ಅರೇ’ ಅನ್ನುತ್ತಾರೆಂದು ನಮಗೆ ತಿಳಿಸಿದವನು ತಂಗಿಯ ಮಗ. ಯಾವ ಮರ ಎಷ್ಟು ಕಾಯಿ ಬಿಡುತ್ತದೆಂದು ಲೆಕ್ಕ ಇಡುತ್ತೇನೆ ಅಂತ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹೊತ್ತು ಬಂದಿದ್ದ.

ಮೊದಲ ತಕರಾರು ಎಣಿಕೆಯಲ್ಲೇ ಎದ್ದಿತು. ಅವನ ಪ್ರಕಾರ ಬೇಲಿ ಪಕ್ಕದ ಸಾಲು ಸೊನ್ನೇ ಸಾಲು, ಅದರ ಮೂಲೆಯದು ಸೊನ್ನೇ ಮರ. “ಸೊನ್ನೇ ಮರಕ್ಕೆ ಗೊಬ್ಬರ ಹಾಕೋದೋ ಬೇಡವೋ?” ಅಂತ ನಮ್ಮಣ್ಣ ಕೇಳಿದ. 1957ರ ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆ ನಮ್ಮ ಹಾಗೇ ಒಂದರಿಂದ ಎಣಿಸುತ್ತಿತ್ತಂತೆ. ಆಮೇಲೆ ಸಿ ಭಾಷೆ ಬಂದು ಸೊನ್ನೆಯನ್ನು ರೂಢಿ ಮಾಡಿತಂತೆ. ಸಂಸಾರಸ್ಥರು ಫೋರ್ಟ್ರಾನೇ ಇಟ್ಟುಕೊಳ್ಳಬಹುದಿತ್ತು.

ಹುಡುಗ ಹಿಡಿದದ್ದು ಪೈಥಾನ್. ಎಂಟು ಸೊನ್ನೆಯ ಒಂದು ಸಾಲು ಮಾಡಿದ, ಅದನ್ನು ಹನ್ನೆರಡರಿಂದ ಗುಣಿಸಿದ, ತೋಟ ಎದ್ದಿತು ಅಂದ. ಮೂರನೇ ಸಾಲಿನ ಐದನೇ ಮರಕ್ಕೆ 20 ಕಾಯಿ ಅಂತ ಒತ್ತಿದ. ಒತ್ತಿದ್ದೇ ತಡ, ಹನ್ನೆರಡೂ ಸಾಲಿನ ಐದನೇ ಮರಗಳಲ್ಲಿ ಇಪ್ಪತ್ತಿಪ್ಪತ್ತು ಕಾಯಿ! ಒಟ್ಟು 240. ಸಿಡಿಲು ಬಡಿದು ಸುಳಿ ಹೋದ ಮರ ಕೂಡ ಇಪ್ಪತ್ತು ಕೊಟ್ಟಿತ್ತು. ನುಸಿ ಪೀಡೆಗೆ ಇದಕ್ಕಿಂತ ಒಳ್ಳೆಯ ಮದ್ದನ್ನು ಯಾವ ವಿಜ್ಞಾನಿಯೂ ಕಂಡುಹಿಡಿದಿಲ್ಲ. ಆಗಿದ್ದಿಷ್ಟೆ: ಪೈಥಾನ್ ಹನ್ನೆರಡು ಸಾಲು ಮಾಡಿರಲೇ ಇಲ್ಲ, ಇದ್ದ ಒಂದೇ ಜಮೀನಿಗೆ ಹನ್ನೆರಡು ಪಹಣಿ ಹೊರಡಿಸಿತ್ತು. ಪ್ರತಿ ಸಾಲನ್ನೂ ಬೇರೆಬೇರೆಯಾಗಿ ಸೃಷ್ಟಿಸುವ ಲೂಪ್ ಬರೆದ ಮೇಲೆ ನಮ್ಮ ಬಡತನ ನಮಗೆ ವಾಪಸು ಬಂತು.

ಸಂಜೆ ಗುಟ್ಟೊಂದು ಹೊರಬಿತ್ತು. ಸಾಲು, ಕಂಬ ಎಲ್ಲ ನಮ್ಮ ಕಣ್ಣಿಗಂತೆ. ಮೆಮೊರಿಯೊಳಗೆ ಉದ್ದಕ್ಕೆ ಒಂದೇ ಸಾಲು. ಸಿ ಸಾಲಿನ ಹಿಂದೆ ಸಾಲು ಜೋಡಿಸಿದರೆ ಫೋರ್ಟ್ರಾನ್ ಕಂಬದ ಹಿಂದೆ ಕಂಬ ಜೋಡಿಸುತ್ತದೆ. ನಮ್ಮಪ್ಪ ಡಾಂಬರಿನಲ್ಲಿ ಮರಗಳಿಗೆ 1ರಿಂದ 96ರವರೆಗೆ ಬರೆಸಿದ್ದೂ ಸಿ-ಯ ಹಾಗೆ, ಸಾಲಿನ ಹಿಂದೆ ಸಾಲು. 43ನೇ ಮರ ಎಲ್ಲಿ? ಐದೆಂಟಲೆ ನಲವತ್ತು, ಮಿಕ್ಕಿದ್ದು ಮೂರು: ಆರನೇ ಸಾಲಿನ ಮೂರನೆಯದು. ಹುಡುಗ ಸೂತ್ರ ಬರೆಯುವಷ್ಟರಲ್ಲಿ ಅಣ್ಣ ಮರದ ಬುಡದಲ್ಲಿದ್ದ. ಕಾಯಿ ಕೆಡವುವವನ ಕ್ರಮವೇ ಬೇರೆ. ಒಂದು ಸಾಲು ಮುಗಿದ ತುದಿಯಿಂದಲೇ ಮುಂದಿನ ಸಾಲು ಹಿಡಿದು ಹಿಂದಕ್ಕೆ ಬರುತ್ತಾನೆ. ಪ್ರತಿ ಸಲ ಮೊದಲ ಮರಕ್ಕೇ ಹೋಗಿ ಶುರುಮಾಡಬೇಕು ಅಂದದ್ದಕ್ಕೆ, “ಕಂಪ್ಯೂಟ್ರಿಗೆ ಕಾಲು ನೋಯಕ್ಕಿಲ್ವಾ?” ಅಂದ.

ಚೌಕಗಳಲ್ಲಿ ಅಡ್ಡಾದಿಡ್ಡಿ ನಡೆಯುವುದು ಕನ್ನಡಕ್ಕೇನೂ ಹೊಸದಲ್ಲ. ಯಲ್ಲಪ್ಪ ಶಾಸ್ತ್ರಿ, ಕರ್ಲಮಂಗಲಂ ಶ್ರೀಕಂಠಯ್ಯನವರ ಶ್ರಮದಿಂದ 1953ರಲ್ಲಿ ಅಚ್ಚಾದ ‘ಸಿರಿಭೂವಲಯ’ ಗ್ರಂಥದ ಪ್ರತಿ ಚೌಕಟ್ಟಿನಲ್ಲೂ 27 ಸಾಲು, 27 ಕಂಬ, ಒಟ್ಟು 729 ಮನೆ. ತುಂಬಿರುವುದು 1ರಿಂದ 64ರವರೆಗಿನ ಅಂಕಿ, ಅಂಕಿಗೊಂದು ಅಕ್ಷರ. ಯಾವ ಮನೆಯಿಂದ ಯಾವ ಮನೆಗೆ ಹಾರಬೇಕೆಂಬ ‘ಬಂಧ’ ತಿಳಿಯದಿದ್ದರೆ ಒಂದು ಪದವೂ ಕೈಗೆ ಹತ್ತದು. ಅದರ ಕಾಲದ ಬಗ್ಗೆ ವಿದ್ವಾಂಸರು ಇನ್ನೂ ಜಗಳಾಡುತ್ತಿದ್ದಾರೆ, ಆಡಲಿ.

ಹೊರಡುವ ಮುಂಚೆ ಹುಡುಗ ಗಡಿಯ ವಿಚಾರ ಹೇಳಿದ. ಇಲ್ಲದ ಹದಿಮೂರನೇ ಸಾಲನ್ನು ಕೇಳಿದರೆ ಪೈಥಾನ್ ತಪ್ಪೆಂದು ಅಲ್ಲೇ ನಿಲ್ಲುತ್ತದೆ. ಸಿ ಹಾಗಲ್ಲ; ಸಾಮಾನ್ಯವಾಗಿ ತಕರಾರೆತ್ತದೆ ಬೇಲಿ ದಾಟಿ, ಆಚೆ ಏನಿದೆಯೋ ಅದನ್ನೇ ನಮ್ಮದೆಂದು ತಂದುಕೊಡುತ್ತದೆ. ಆಚೆ ತೋಟದವರು ಕಾಫಿ ಲೋಟ ಹಿಡಿದು ಇದನ್ನೆಲ್ಲ ಗಮನವಿಟ್ಟು ಕೇಳುತ್ತಿದ್ದರು. ನಮ್ಮ ಕೊನೇ ಸಾಲಿನ ಎರಡು ಮರ ಅವರ ಕಡೆಗೇ ವಾಲಿವೆ. ತಮಗೂ ಒಂದು ಲೆಕ್ಕ ಮಾಡಿಕೊಡಬೇಕಂತೆ, ಸಿ-ಯಲ್ಲಿ.