ಎಣಿಸದೆಯೇ ಸಿಕ್ಕ ಲೆಕ್ಕ

ಸರ್ಕಾರಕ್ಕೆ ನಮ್ಮ ಮನೆಯ ಮೇಲಿರುವ ಕುತೂಹಲ, ಸೊಸೆ ತರಲು ಹೊರಟ ಅತ್ತೆಗೂ ಇರಲಾರದು. ಗೋಡೆ ಮಣ್ಣಿನದೋ ಇಟ್ಟಿಗೆಯದೋ, ಕಕ್ಕಸು ಒಳಗೋ ಹೊರಗೋ, ಒಲೆಗೆ ಸೌದೆಯೋ ಗ್ಯಾಸೋ, ಎಲ್ಲವೂ ಬೇಕು. 2025ರಲ್ಲಿ ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಆಯೋಗ ಮೇಷ್ಟ್ರುಗಳ ಕೈಗೆ 60 ಪ್ರಶ್ನೆ ಕೊಟ್ಟು, ಕರೆಂಟ್ ಮೀಟರಿನ ಜಾಡು ಹಿಡಿದು ಮನೆ ಹುಡುಕಿಸಿತು. ಆದರೆ ಯಾರಿಗೆ ಯಾರ ಮೇಲೆ ಒಲವು ಎಂದು ದೇಶದ ಜನಗಣತಿ ಇದುವರೆಗೆ ಕೇಳಿದ್ದಿಲ್ಲ. 2011ರಲ್ಲಿ ಲಿಂಗದ ಕಾಲಂಗೆ ‘ಇತರೆ’ ಸೇರಿಸಿದ್ದೇ ದೊಡ್ಡ ಸಾಹಸ.

ಕೇಳದಿದ್ದರೇನು, ಉತ್ತರ ಸದಾ ಸಿದ್ಧ. 2012ರಲ್ಲಿ ಸುಪ್ರೀಂ ಕೋರ್ಟ್ ಕೆದಕಿದಾಗ ಕೇಂದ್ರ ಆರೋಗ್ಯ ಇಲಾಖೆ 25 ಲಕ್ಷ ಸಲಿಂಗಿ ಗಂಡಸರ ಅಂದಾಜು ಕೊಟ್ಟಿತು. ಅದೂ ಎಚ್‌ಐವಿ ಕಡತದಿಂದ ಎತ್ತಿದ್ದು. ರೋಗದ ಭಯವಿಲ್ಲದಿದ್ದರೆ ಆ ಎಣಿಕೆಯೂ ಇರುತ್ತಿರಲಿಲ್ಲ. ಹೆಣ್ಣನ್ನು ಪ್ರೀತಿಸುವ ಹೆಣ್ಣಿಗಂತೂ ಆ ಲೆಕ್ಕದಲ್ಲಿ ಜಾಗವೇ ಇಲ್ಲ. ಮರುವರ್ಷ ಅದೇ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಸೆಕ್ಷನ್ ಎತ್ತಿಹಿಡಿಯುತ್ತಾ, ಇವರು ಜನಸಂಖ್ಯೆಯ ಅತ್ಯಲ್ಪ ಭಾಗ ಎಂದಿತು. 25 ಲಕ್ಷ ಅತ್ಯಲ್ಪವೇ? ಅಷ್ಟು ವೋಟು ಒಂದೇ ಜಾತಿಯಲ್ಲಿದ್ದರೆ ನಮ್ಮಲ್ಲಿ ಒಂದು ಅಭಿವೃದ್ಧಿ ನಿಗಮ, ಅದಕ್ಕೊಬ್ಬ ಅಧ್ಯಕ್ಷ, ಅಧ್ಯಕ್ಷರಿಗೊಂದು ಇನ್ನೋವಾ!

2018ರಲ್ಲಿ ಆ ಸೆಕ್ಷನ್‌ನ ಹಲ್ಲು ಕಿತ್ತದ್ದಾಯಿತು. 2023ರಲ್ಲಿ ಸಲಿಂಗಿ ಜೋಡಿಗಳು ಮದುವೆಯ ಹಕ್ಕು ಕೇಳಲು ಹೋದಾಗ ಕೇಂದ್ರ ಸರ್ಕಾರ, ಇದೆಲ್ಲ ನಗರದ ಮೇಲ್ವರ್ಗದ ಧೋರಣೆ ಎಂದು ಬರೆದುಕೊಟ್ಟಿತು. ಹಾಗೆನ್ನಲು ನಿಮ್ಮ ಬಳಿ ಅಂಕಿಅಂಶವೇ ಇಲ್ಲವಲ್ಲ ಎಂದರು ಆಗಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್. ಎಲ್ಲಿಂದ ಬರಬೇಕು? ಹಳ್ಳಿಗೆ ಹೋಗಿ ಕೇಳಿದವರು ಯಾರು?

ಹಾಗಾದರೆ ಕೇಳಿಯೇ ಬಿಡೋಣ ಎನ್ನುವವರಿದ್ದಾರೆ. ಇಂಗ್ಲೆಂಡ್ ಮತ್ತು ವೇಲ್ಸ್ 2021ರ ಜನಗಣತಿಯಲ್ಲಿ 16 ದಾಟಿದವರನ್ನು ಕೇಳಿದವು. ಇಷ್ಟವಿದ್ದರೆ ಹೇಳಿ, ಇಲ್ಲದಿದ್ದರೆ ಬಿಡಿ. ಸುಮಾರು 15 ಲಕ್ಷ ಮಂದಿ ತಮ್ಮ ಒಲವು ಬೇರೆಯೆಂದು ಹೇಳಿಕೊಂಡರು, ನೂರಕ್ಕೆ ಏಳೂವರೆ ಜನ ಉತ್ತರಿಸಲೇ ಇಲ್ಲ, ಆಕಾಶವೇನೂ ಕಳಚಿ ಬೀಳಲಿಲ್ಲ. ಮನೆಯವರಿಗೆ ಗೊತ್ತಾಗಬಾರದೆಂದರೆ ಪ್ರತ್ಯೇಕ ಕೋಡ್ ತರಿಸಿಕೊಂಡು ಗುಟ್ಟಾಗಿ ತುಂಬಿ ಕಳಿಸಬಹುದಿತ್ತು. (ಆಸ್ಟ್ರೇಲಿಯಾ ಸರ್ಕಾರ 2024ರಲ್ಲಿ ಈ ಪ್ರಶ್ನೆ ಬೇಡವೆಂದು, ಬೈಸಿಕೊಂಡು, ಕೆಲವೇ ದಿನಗಳಲ್ಲಿ ಬೇಕೆಂದಿತು. ನಾಚಿಕೆ ನಮ್ಮೊಬ್ಬರ ಸ್ವತ್ತಲ್ಲ.)

ನಮ್ಮಲ್ಲಿ ಗುಟ್ಟೆಲ್ಲಿ ಬಂತು? ಗಣಿತದ ಮೇಷ್ಟ್ರು ಜಗಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಮೊಬೈಲಿನಲ್ಲಿ ಸುತ್ತುತ್ತಿರುವ ಸರ್ವರನ್ನು ಶಪಿಸುತ್ತಾ, ಬಗ್ಗಿ ನೋಡುವ ಪಕ್ಕದ ಮನೆಯವರ ಎದುರಿಗೇ ಕೇಳಬೇಕು:

“ಅಮ್ಮಾ, ಫ್ರಿಜ್ ಇದೆಯಾ?”

“ಇದೆ ಮೇಷ್ಟ್ರೇ.”

“ಮಗನಿಗೆ ಒಲವು ಯಾವ ಕಡೆ?”

“ತಿಪಟೂರು ಕಡೆಯದೊಂದು ಒಳ್ಳೇ ಸಂಬಂಧ ಬಂದಿದೆ, ಇವನೇ ಯಾಕೋ ಒಪ್ತಿಲ್ಲ. ನಿಮ್ಮ ಶಿಷ್ಯನೇ ಅಲ್ವಾ, ನೀವಾದ್ರೂ ಒಂದು ಮಾತು ಹೇಳಿ.”

ಮೂವತ್ತನಾಲ್ಕರ ಮಗ ಒಳಕೋಣೆಯಲ್ಲಿ ಫ್ಯಾನ್ ಜೋರು ಮಾಡುತ್ತಾನೆ. ಮೇಷ್ಟ್ರು ಕೆಮ್ಮಿ, ‘ಅನ್ವಯಿಸುವುದಿಲ್ಲ’ ಒತ್ತಿ ಮುಂದಿನ ಮನೆಗೆ ನಡೆಯುತ್ತಾರೆ. ಹೀಗೆ ಒಂದೊಂದೇ ‘ಅನ್ವಯಿಸುವುದಿಲ್ಲ’ ತಾಲ್ಲೂಕಿನಲ್ಲಿ ಕೂಡಿ, ಜಿಲ್ಲೆಯಲ್ಲಿ ಬೆಳೆದು, ದೆಹಲಿ ಮುಟ್ಟುತ್ತದೆ. ಮುಂದಿನ ಸಲ ಸರ್ಕಾರಿ ವಕೀಲರು ಕೋರ್ಟಿನಲ್ಲಿ ಎದೆಯುಬ್ಬಿಸಿ ನಿಲ್ಲಬಹುದು: “ಸ್ವಾಮೀ, ಈಗ ಅಂಕಿಅಂಶವೂ ಇದೆ!”