ಐನ್‌ಸ್ಟೀನ್ ಮತ್ತು ಎರಡು ಸೇರು ರಾಗಿ

ಟೀ ಕಲಕಿದರೆ ಪುಡಿ ಲೋಟದ ಅಂಚಿಗೆ ಹೋಗುವುದಿಲ್ಲ, ತಳದ ನಡುವಿಗೆ ಬಂದು ಕೂರುತ್ತದೆ. ಯಾಕೆಂದು 1926ರಲ್ಲಿ ಐನ್‌ಸ್ಟೀನ್ ಬರೆದ. ನನಗೆ ತಿಳಿದದ್ದು ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ. ತಿಳಿದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಜಾಯಮಾನ ನನ್ನದಲ್ಲ. ಮುಳಬಾಗಿಲಿನ ಹೋಟೆಲೊಂದರಲ್ಲಿ "ಸೋಸದ ಟೀ ಕೊಡಪ್ಪ" ಅಂದೆ. ಹುಡುಗ ನನ್ನ ಮುಖ ನೋಡಿ, ತಂದಿಟ್ಟ. ಎದುರಿಗೆ ಕೂತವರಿಗೆ ತೋರಿಸುವ ಹುರುಪಿನಲ್ಲಿ ಚಮಚ ತಿರುಗಿಸಿದ ರಭಸಕ್ಕೆ ಅರ್ಧ ಟೀ ಅವರ ದೋಸೆಯ ಮೇಲೆ. ಮುಳಬಾಗಿಲು ದೋಸೆಗೆ ಆಗಬಾರದ ಅವಮಾನ!

ಅಲ್ಲಿಗೇ ಬಿಡಬಹುದಿತ್ತು. ಆದರೆ ಐನ್‌ಸ್ಟೀನ್ ಆ ಲೋಟ ಹಿಡಿದದ್ದೇ ಹೊಳೆ ಯಾಕೆ ಅಂಕುಡೊಂಕಾಗುತ್ತದೆ ಅಂತ ಹೇಳಲಿಕ್ಕೆ. ತಿರುವಿನಲ್ಲಿ ಮೇಲಿನ ನೀರಿಗೆ ವೇಗ ಜಾಸ್ತಿ. ಹೊರದಂಡೆಗೆ ನುಗ್ಗಿ ಅಲ್ಲಿ ಕೆಳಗಿಳಿಯುತ್ತದೆ. ತಳದ ನೀರು ನೆಲಕ್ಕೆ ಉಜ್ಜಿ ನಿಧಾನವಾಗಿ, ಮರಳನ್ನೂ ಎಳೆದುಕೊಂಡು ಒಳದಂಡೆಗೆ ಸರಿಯುತ್ತದೆ. ಮುಂದೆ ಹರಿಯುತ್ತಲೇ ಹೊರಳುವ ಈ ಸುಳಿಗೆ, ಬಾಗಿದ ಕೊಳವೆಯಲ್ಲಿ, 1927ರಲ್ಲಿ ಡೀನ್ ಎಂಬಾತ ಲೆಕ್ಕ ಹಾಕಿದ. ಕೋಲಾರ ಜಿಲ್ಲೆಯಲ್ಲಿ ಅದನ್ನು ನೋಡೋಣವೆಂದರೆ ಹೊಳೆ ಎಲ್ಲಿದೆ? ಪಾಲಾರ್ ಅಂದರೆ ಹಾಲುಹೊಳೆ. ಹಾಲು ಡೇರಿಯಲ್ಲಿ ಸಿಗುತ್ತದೆ, ಹೊಳೆ ಸಿಗುವುದಿಲ್ಲ.

ಸರಿ, ಶ್ರೀನಿವಾಸಪುರದ ನಮ್ಮ ಹಿತ್ತಿಲಲ್ಲೇ, ಮಾವಿನ ಮರದಡಿ, ಹೆಂಚಿಗೆ ಹೆಸರಾದ ಮಾಲೂರಿನಿಂದ ಜೇಡಿಮಣ್ಣು ತರಿಸಿ ಲಾಳದಾಕಾರದ ಕಾಲುವೆ ಕಟ್ಟಿದೆ. ಮರಳಿಗೆ ಬದಲು ಅಡುಗೆಮನೆಯಿಂದ ಕದ್ದ ಎರಡು ಸೇರು ರಾಗಿ. "ಟ್ಯಾಂಕರ್ ನೀರು ರೀ ಅದು!" ಎಂದು ಮನೆಯವಳು ಓಡಿ ಬರುವಷ್ಟರಲ್ಲಿ ಮೋಟಾರ್ ಹಾಕಿಯಾಗಿತ್ತು.

ರಾಗಿ ಒಳದಂಡೆಗೆ ಬಂದು ಗುಪ್ಪೆಯಾಯಿತು, ನನ್ನಾಣೆ! ಫೋಟೊ ತೆಗೆಯಲು ಬಗ್ಗಿದೆ. ಹೊರದಂಡೆ ಕೊರೆದುಹೋಗುತ್ತದೆ ಎಂಬುದೂ ಅದೇ ಸಿದ್ಧಾಂತದ ಉಳಿದರ್ಧ. ಆ ಪುಟಕ್ಕೆ ಬರುವಾಗ ನನಗೆ ತೂಕಡಿಕೆ ಬಂದಿರಬೇಕು. ಮಣ್ಣು ಕುಸಿದು ನೀರೆಲ್ಲ ಪಕ್ಕದ ಮನೆಯಾಕೆ ಒಣಹಾಕಿದ್ದ ಮೂಟೆ ರಾಗಿಗೆ ನುಗ್ಗಿತು.

ಆಕೆ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಒಡೆದ ಜಾಗ ನೋಡಿ, "ತಿರುವಿಗೆ ಹೊರಗಡೆ ಕಲ್ಲು ಕಟ್ತಾರೆ ಸಾರ್. ನಮ್ಮಪ್ಪ ಕೆರೆ ನೀರುಗಂಟಿ" ಅಂದಳು. ಆಮೇಲೆ ಮೆಲ್ಲಗೆ, "ನೀವು ಎಷ್ಟು ವರ್ಷ ಪಾಠ ಮಾಡಿದ್ರಿ?"

ಮೂರು ದಿನ ಆಕೆಯ ತಾರಸಿಯಲ್ಲಿ ಕೂತು ರಾಗಿ ಕೈಯಾಡಿಸಿದೆ. ದಿನಾ ನಾಲ್ಕು ಗಂಟೆಗೆ ಟೀ ಬರುತ್ತಿತ್ತು, ಚೆನ್ನಾಗಿ ಸೋಸಿದ್ದು. ಚಮಚ ಬರಲಿಲ್ಲ.