ಅರ್ಧ ತಾಸಿನ ಲೆಕ್ಕಶಾಸ್ತ್ರ

ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ದೊರೆಯುತ್ತದೆ ಎಂಬ ಸೂತ್ರವು ಶಾಲೆಯ ಗಣಿತ ಪುಸ್ತಕಗಳಲ್ಲಿ ನಿರ್ವಿವಾದವಾಗಿ ನೆಲೆಸಿದೆಯಾದರೂ, ಧಾರವಾಡದ ಕಡೆಯ ಬಯಲು ಮುಗಿದು ಹಳಿಯಾಳದ ಆಚೆ ಕಾಡು ದಟ್ಟವಾಗತೊಡಗಿದಲ್ಲಿ ಅದು ಗಾಡಿಯಿಂದ ಇಳಿದು ಊರಿಗೆ ವಾಪಸಾಗುತ್ತದೆ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡ ತಾಲೂಕುಗಳಲ್ಲಿ ದೂರಕ್ಕೆ ಕಿಲೋಮೀಟರ್ ಎಂಬ ಸರಕಾರಿ ಅಳತೆ ಇರುವಂತೆಯೇ ಕಾಲಕ್ಕೆ ‘ಅರ್ಧ ತಾಸು’ ಎಂಬ ಸಾರ್ವಜನಿಕ ಅಳತೆಯೊಂದಿದ್ದು, ತಾಸೆಂದರೆ ಗಂಟೆ ಎಂದು ಯಾರಿಂದಲೋ ತಿಳಿದುಕೊಂಡ ಬೆಂಗಳೂರಿನ ಪ್ರವಾಸಿಯು ಅರ್ಧ ತಾಸು ಮೂವತ್ತು ನಿಮಿಷವೇ ಇರಬೇಕೆಂದು ತೀರ್ಮಾನಿಸುವಲ್ಲಿಂದ ಅವನ ಕಷ್ಟಗಳು ಆರಂಭವಾಗುತ್ತವೆ.

ಈ ಸೀಮೆಯಲ್ಲಿ ಪ್ರಯಾಣದ ಅವಧಿಯನ್ನು ಅಂದಾಜು ಮಾಡುವವರನ್ನು ಸ್ಥೂಲವಾಗಿ ಮೂರು ಪಂಥಗಳಾಗಿ ವಿಂಗಡಿಸಬಹುದು. ಮೊದಲನೆಯದು ಮೊಬೈಲ್ ಪಂಥ. ಇದರ ಮೂಲಪುರುಷರಲ್ಲಿ ಒಬ್ಬರೆನ್ನಬಹುದಾದ ಡಚ್ ಗಣಕವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ, ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿಯನ್ನು ಹುಡುಕುವ ಕ್ರಮವೊಂದನ್ನು 1956ರಲ್ಲಿ ಆಮ್‌ಸ್ಟರ್‌ಡಾಮಿನ ಕೆಫೆಯೊಂದರಲ್ಲಿ ಕಾಫಿ ಕುಡಿಯುತ್ತ ಇಪ್ಪತ್ತು ನಿಮಿಷಗಳಲ್ಲಿ ರೂಪಿಸಿ, 1959ರಲ್ಲಿ ಪ್ರಕಟಿಸಿದರು. ಅವರ ಮನಸ್ಸಿನಲ್ಲಿದ್ದದ್ದು ಸಮತಟ್ಟಾದ ನೆದರ್‌ಲ್ಯಾಂಡ್ಸಿನ ಊರುಗಳಾದುದರಿಂದ ಅಲ್ಲಿ ಘಟ್ಟವೂ ಇರಲಿಲ್ಲ, ಘಟ್ಟದ ತಿರುವಿನಲ್ಲಿ ಧುತ್ತೆಂದು ಎದುರಾಗುವ ಕಟ್ಟಿಗೆಯ ಲಾರಿಯೂ ಇರಲಿಲ್ಲ. ಇಂದಿನ ಮೊಬೈಲ್ ನಕ್ಷೆಯು ರಸ್ತೆಯ ಮೇಲೆ ಸಾಗುವ ಇತರ ಮೊಬೈಲುಗಳ ವೇಗವನ್ನು ನೋಡಿ ಸಂಚಾರದ ಸ್ಥಿತಿಯನ್ನು ಅರಿಯುತ್ತದೆ. ಆದರೆ ವಿಸ್ತಾರದಲ್ಲಿ ಜಿಲ್ಲೆಗೇ ದೊಡ್ಡದಾದ, 2011ರ ಜನಗಣತಿಯಲ್ಲಿ ಐವತ್ತು ಸಾವಿರದ ಆಸುಪಾಸು ಜನಸಂಖ್ಯೆಯಿದ್ದ ಜೋಯಿಡಾ ತಾಲೂಕಿನ ಕಾಡುದಾರಿಗಳಲ್ಲಿ ಮೊಬೈಲಿಗೆ ಸಿಗ್ನಲ್ಲೇ ಸಿಗದಿರುವಾಗ, ನಕ್ಷೆಯು ಆ ಮೌನವನ್ನೇ ಸಮ್ಮತಿಯೆಂದು ಭಾವಿಸಿ ದಾರಿ ನಿರಾತಂಕವಾಗಿದೆಯೆಂದು ಸಾರುತ್ತದೆ.

ನಕ್ಷೆಯ ಮೇಲೆ ಗೇಣು ಹಾಕಿ ಅಳೆಯುವವರು ಎಡವುವ ಇನ್ನೊಂದು ಜಾಗ ಸೂಪಾ. ಕಾಳಿ ಮತ್ತು ಪಾಂಢರಿ ನದಿಗಳ ಸಂಗಮದಲ್ಲಿದ್ದ ಈ ಊರು ಒಂದು ಕಾಲಕ್ಕೆ ತಾಲೂಕಿನ ಕೇಂದ್ರವಾಗಿದ್ದು, ಗಣೇಶಗುಡಿಯಲ್ಲಿ ಕಾಳಿ ನದಿಗೆ 101 ಮೀಟರ್ ಎತ್ತರದ ಅಣೆಕಟ್ಟು ಎದ್ದಾಗ ಮುಳುಗಿತು. ಕಚೇರಿಗಳು ಜೋಯಿಡಾಕ್ಕೆ ಹೋದವು, ಮನೆಮಠ ಕಳೆದುಕೊಂಡವರಲ್ಲಿ ಅನೇಕರು ಅದೇ ತಾಲೂಕಿನ ರಾಮನಗರಕ್ಕೆ ಹೋದರು, ಹಳೆಯ ರಸ್ತೆಗಳು ಮಾತ್ರ ಎಲ್ಲಿಗೂ ಹೋಗದೆ ನೀರಿನಡಿಯಲ್ಲೇ ಉಳಿದವು. ಹೀಗಾಗಿ ಕೂಗಳತೆಯಲ್ಲಿ, ಅಂದರೆ ಕೂಗಿದರೆ ಕೇಳಿಸುವಷ್ಟೇ ದೂರದಲ್ಲಿ, ಇರುವಂತೆ ನಕ್ಷೆಯಲ್ಲಿ ತೋರುವ ಎರಡು ದಂಡೆಗಳ ನಡುವೆ ಕೂಗು ಹೋದಷ್ಟು ಸಲೀಸಾಗಿ ಕಾರು ಹೋಗಲಾರದು.

ಇಂತಹ ತೊಡಕು ಈ ನಾಲ್ಕು ತಾಲೂಕುಗಳಿಗಷ್ಟೇ ಮೀಸಲಾದುದಲ್ಲ. ಇಟಲಿಯಲ್ಲಿ ಮಿಲಾನಿನಿಂದ ನೇಪಲ್ಸ್‌ವರೆಗೆ ಸಾಗುವ, 1964ರಲ್ಲಿ ಪೂರ್ಣಗೊಂಡ ಹೆದ್ದಾರಿಯಲ್ಲಿ ಗಂಟೆಗೆ 130 ಕಿ.ಮೀ. ವೇಗಕ್ಕೆ ಅನುಮತಿಯಿದೆ, ಅದೇ ನೇಪಲ್ಸಿನ ದಕ್ಷಿಣಕ್ಕಿರುವ ಅಮಾಲ್ಫಿ ಕಡಲಂಚಿನ ಸುಮಾರು 50 ಕಿ.ಮೀ. ರಸ್ತೆಯನ್ನು ಬೇಸಿಗೆಯಲ್ಲಿ ಎರಡು ಗಂಟೆಯೊಳಗೆ ಮುಗಿಸಿದವನು ಭಾಗ್ಯವಂತನೆನಿಸುತ್ತಾನೆ. ಏರುದಾರಿಗೆ ಬೇರೆಯದೇ ಲೆಕ್ಕ ಬೇಕೆಂದು ಮನಗಂಡ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್, ಮೂರು ಮೈಲಿ ನಡಿಗೆಗೆ ಒಂದು ಗಂಟೆ ಹಿಡಿದು, ಏರುವ ಪ್ರತಿ 2,000 ಅಡಿಗೆ ಮತ್ತೊಂದು ಗಂಟೆ ಸೇರಿಸಬೇಕೆಂಬ ನಿಯಮವನ್ನು 1892ರಲ್ಲಿ ಮಂಡಿಸಿದರು. ಅವರು ಏರನ್ನು ಲೆಕ್ಕಕ್ಕೆ ತಂದರು, ಎಮ್ಮೆಯನ್ನು ತರಲಿಲ್ಲ.

ಎಮ್ಮೆಯಿಲ್ಲದೆ ಇಲ್ಲಿಯ ಲೆಕ್ಕ ಪೂರ್ತಿಯಾಗದು. ಹೈನುಗಾರಿಕೆಯನ್ನೇ ನೆಚ್ಚಿಕೊಂಡ ಗೌಳಿಗರ ದಡ್ಡಿಗಳು, ಅಂದರೆ ಕಾಡಂಚಿನ ವಸತಿಗಳು, ಈ ಸೀಮೆಯಲ್ಲಿ ಹಲವಿದ್ದು, ಸಂಜೆ ಮೇವು ಮುಗಿಸಿ ಮರಳುವ ಎಮ್ಮೆಗಳು ಹಾರ್ನಿಗೆ ಕಿವಿಯನ್ನಷ್ಟೇ ಅಲ್ಲಾಡಿಸಿ, ಹಿಂಡಿನ ಕೊನೆಯ ಮುದಿ ಎಮ್ಮೆ ದಾಟುವವರೆಗೂ ರಸ್ತೆಯ ಒಡೆತನವನ್ನು ಬಿಟ್ಟುಕೊಡುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಹಳಿಯಾಳದ ಸಕ್ಕರೆ ಕಾರ್ಖಾನೆಯ ಕಡೆಗೆ ಎರಡೆರಡು ಟ್ರೇಲರ್ ಎಳೆಯುತ್ತ ಸಾಗುವ ಟ್ರ್ಯಾಕ್ಟರು ಎಷ್ಟು ಗಟ್ಟಿಯಾಗಿ ಹಾಡು ಹಾಕಿರುತ್ತದೆಂದರೆ, ಹಿಂದಿನವರ ಹಾರ್ನು ಆ ಹಾಡಿಗೆ ತಾಳವಾಗಿ ಸೇರಿಹೋಗುತ್ತದೆ. ಮುಂಡಗೋಡದ ಕಡೆ ಸುಗ್ಗಿಯಲ್ಲಿ ಗೋವಿನಜೋಳವನ್ನು ಡಾಂಬರಿನ ಮೇಲೆ ಒಣಹಾಕಿ, ಅಂಚಿಗೆ ಸಾಲಾಗಿ ಕಲ್ಲಿಟ್ಟು, ತಲೆಗೆ ಟವೆಲ್ ಸುತ್ತಿದ ಅಜ್ಜನೊಬ್ಬನನ್ನು ಕಾವಲಿಗೆ ಕೂರಿಸಿರುತ್ತಾರಾದ್ದರಿಂದ ಎರಡು ಸಾಲಿನ ರಸ್ತೆ ಒಂದೇ ಸಾಲಿನದಾಗುತ್ತದೆ. ಇನ್ನು ಮಳೆಗಾಲದಲ್ಲಿ ಅಣಶಿ ಘಟ್ಟದ ದಾರಿಗೆ ಮರವೋ ಮಣ್ಣೋ ಬಿದ್ದರೆ ಜೋಯಿಡಾದಿಂದ ಕಾರವಾರಕ್ಕೆ ಎಷ್ಟು ಹೊತ್ತು ಎಂಬ ಪ್ರಶ್ನೆಯನ್ನು ಎಷ್ಟು ದಿನ ಎಂದು ತಿದ್ದಿಕೊಳ್ಳಬೇಕಾಗುತ್ತದೆ.

ಎರಡನೆಯದಾದ ಬಸ್ಸಿನ ಪಂಥವು ಇವೆಲ್ಲವನ್ನೂ ಬಲ್ಲುದಾದ್ದರಿಂದ ಮಾತನ್ನು ಮಿತವಾಗಿ ಬಳಸುತ್ತದೆ. ಎಷ್ಟಕ್ಕೆ ಮುಟ್ಟುತ್ತೇವೆ ಎಂದು ಕೇಳಿದವರಿಗೆ ಕಂಡಕ್ಟರು ಟಿಕೆಟ್ ಹರಿದು ಕೊಡುತ್ತ, “ಮುಟ್ಟಿದಾಗ ಮುಟ್ಟತೇವ್ರಿ” ಎಂದರೆ ಅದು ಉಡಾಫೆಯ ಮಾತಲ್ಲ. ದಾರಿಯಲ್ಲಿ ಕೈ ಮಾಡುವ ಮುದುಕಿ, ಮುಂದಿನ ಊರಿನಲ್ಲಿ ಇಳಿಸಬೇಕಾದ ಔಷಧದ ಪೊಟ್ಟಣ, ಹೈಸ್ಕೂಲು ಬಿಡುವುದನ್ನು ಕಾಯಬೇಕಾದ ಮಕ್ಕಳು, ಇವೆಲ್ಲವನ್ನೂ ಒಳಗೊಂಡ ಜವಾಬ್ದಾರಿಯುತ ಹೇಳಿಕೆ.

ಮೂರನೆಯದಾದ ಚಹಾದಂಗಡಿ ಪಂಥವೇ ಎಲ್ಲಕ್ಕಿಂತ ಹೆಚ್ಚು ಅಪಾರ್ಥಕ್ಕೆ ಗುರಿಯಾಗಿದೆ. ಮುಂಡಗೋಡದಿಂದ ಹಳಿಯಾಳಕ್ಕೆ ಕಲಘಟಗಿಯ ಮೇಲೆ ಹೋಗುವುದೋ ಯಲ್ಲಾಪುರದ ಮೇಲೆ ಹೋಗುವುದೋ ಎಂದು ವಿಚಾರಿಸಿದವನಿಗೆ ಅಂಗಡಿಯವನು ನೇರವಾಗಿ ಉತ್ತರ ಕೊಡದೆ, “ಊಟಾ ಆಗೇತೇನ್ರಿ? ಸಣ್ಣ ಹುಡುಗರು ಅದಾರೇನ್ರಿ ಗಾಡ್ಯಾಗ?” ಎಂದು ಮರುಪ್ರಶ್ನೆ ಹಾಕಿ, ಆಮೇಲಷ್ಟೇ ದಾರಿ ತೋರಿಸುತ್ತಾನೆ. ಮೊಬೈಲು ಕೇವಲ ಗಾಡಿಯ ಕಾಲವನ್ನು ಎಣಿಸಿದರೆ ಈತ ಗಾಡಿಯೊಳಗೆ ಕುಳಿತವರ ಕಾಲವನ್ನು ಎಣಿಸುತ್ತಾನೆ. ದಣಿದವರಿಗೆ ದೂರ ಹೇಳಿ ಎದೆಗುಂದಿಸಬಾರದೆಂಬ ಸೌಜನ್ಯವೂ ಅದರಲ್ಲಿ ಸೇರುವುದರಿಂದ ಅವನ ಅರ್ಧ ತಾಸು ಎರಡು ತಾಸಿನವರೆಗೂ ಹಿಗ್ಗಬಲ್ಲದು.

ಈ ಮೂರೂ ಪಂಥಗಳಿಗೆ ಸೇರದ, ಹೇಳಿದ ದಿನಕ್ಕೆ ತಪ್ಪದೆ ತಲುಪುವ ಪ್ರಯಾಣಿಕರ ವರ್ಗವೊಂದು ಇಲ್ಲಿಯ ರಸ್ತೆಗಳಲ್ಲೇ ಕಾಣಸಿಗುತ್ತದೆ. ಹನ್ನೆರಡನೆಯ ಶತಮಾನದ ಶರಣ ಚನ್ನಬಸವಣ್ಣನವರ ಸಮಾಧಿಯಿರುವ ಜೋಯಿಡಾ ತಾಲೂಕಿನ ಉಳವಿಯಲ್ಲಿ ಮಾಘ ಮಾಸದ ಭಾರತ ಹುಣ್ಣಿಮೆಯ ಸುಮಾರಿಗೆ ಜಾತ್ರೆ ನೆರೆಯುತ್ತದೆ. ಅದಕ್ಕಾಗಿ ಧಾರವಾಡ, ಬೆಳಗಾವಿ ಸೀಮೆಯ ರೈತರು ಚಕ್ಕಡಿ ಕಟ್ಟಿಕೊಂಡು, ಎತ್ತುಗಳ ಕೊರಳಿಗೆ ಗೆಜ್ಜೆಸರ ಹಾಕಿ, ರೊಟ್ಟಿಯ ಗಂಟು ಇಟ್ಟುಕೊಂಡು ದಿನಗಟ್ಟಲೆ ನಡೆದು ಬರುತ್ತಾರೆ. ಆ ಸಾಲಿನ ಹಿಂದೆ ಸಿಕ್ಕಿಕೊಂಡ ಕಾರುಗಳು ಗಳಿಗೆಗೊಮ್ಮೆ ಮೊಬೈಲ್ ನೋಡುತ್ತ ತೆವಳುತ್ತವೆ. ಚಕ್ಕಡಿಯವರಿಗೆ ಆ ತಳಮಳವಿಲ್ಲ. ಅವರು ಹುಣ್ಣಿಮೆಯಿಂದ ಹಿಂದಕ್ಕೆ ಎಣಿಸಿ, ಎತ್ತಿಗೆ ನೀರು ಎಲ್ಲಿ, ಮೇವು ಎಲ್ಲಿ, ರಾತ್ರಿಯ ಮುಕ್ಕಾಂ ಎಲ್ಲಿ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು ಮನೆ ಬಿಟ್ಟವರಾದುದರಿಂದ, ನಡುವೆ ಎಷ್ಟು ಹೊತ್ತಾಗುತ್ತದೆ ಎಂಬ ಪ್ರಶ್ನೆಯೇ ಅವರಿಗೆ ಏಳುವುದಿಲ್ಲ. ಪ್ರವಾಸದ ನೀಲನಕ್ಷೆಯನ್ನು ಗಂಟೆಗಳಿಂದಲ್ಲದೆ ತಂಗುವ ಜಾಗಗಳಿಂದ ಹೆಣೆಯಬೇಕೆಂಬ ಈ ಕ್ರಮವು ಅಮಾಲ್ಫಿಗೆ ಹೊರಟವರಿಗೂ ಅಣಶಿಗೆ ಹೊರಟವರಿಗೂ ಸಮಾನವಾಗಿ ಅನ್ವಯಿಸುತ್ತದೆ. ಕಾರಿನವರು ಇದನ್ನು ಒಪ್ಪಲು ತಡಮಾಡುತ್ತಿರುವುದಕ್ಕೆ ಕಾರಣ, ಕಾರಿಗೆ ಹಸಿವಾಗುವುದಿಲ್ಲವೆಂದು ತಿಳಿದ ಅವರು ಒಳಗೆ ಕುಳಿತವರಿಗೂ ಆಗುವುದಿಲ್ಲವೆಂದು ನಂಬಿ ಹೊರಡುವುದೇ ಇರಬೇಕು.